ಓದುಗರು ಕೇಳಿದ್ದು: ಅಗೆದವರು ಹೋದರು, ಊರಿಗೇನು ಸಿಕ್ಕಿತು?

ಹೋದ ತಿಂಗಳು ಈ ಅಂಕಣದಲ್ಲಿ ವೀರಗಲ್ಲಿನ ಬಗ್ಗೆ, ಅಂದರೆ ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಕಟ್ಟು ಬಂದಿದೆ, ಮೈಸೂರು, ಮಂಡ್ಯ ಕಡೆಯವೇ ಜಾಸ್ತಿ. ಕೇಳಿದ ರೀತಿ ಬೇರೆ ಬೇರೆ, ಕೇಳಿರುವುದು ಹೆಚ್ಚುಕಮ್ಮಿ ಒಂದೇ. ಹಳೆಯದನ್ನು ಅಗೆಯುವವರು, ಅಳೆಯುವವರು, ಓದುವವರು ಎಲ್ಲ ಬಂದು ಹೋಗುತ್ತಾರೆ, ಅದರಿಂದ ಊರಿಗೇನಾಯಿತು ಅಂತ. ನ್ಯಾಯವಾದ ಪ್ರಶ್ನೆ. ಇದೇ ಕೆಲಸದಲ್ಲಿ ವಯಸ್ಸು ಕಳೆದವನು ನಾನು, ಹಾಗಾಗಿ ಒಂದಿಷ್ಟು ಬೈಗುಳ ನನಗೂ ಸಲ್ಲಬೇಕು.

ಪ್ರಶ್ನೆ: ನಮ್ಮೂರ ಶಾಲೆಯ ಹಿಂದೆ ಬೇಲಿಯಲ್ಲಿ ಒಂದು ವೀರಗಲ್ಲಿದೆ, ಕೆಳಗೆ ಅಕ್ಷರವೂ ಇದೆ. ಅಜ್ಜಿಯರು ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ. ಈಗ ರಸ್ತೆ ಅಗಲ ಮಾಡುತ್ತಾರಂತೆ, ಜೆಸಿಬಿ ಬರುತ್ತದೆ. ಏಳೆಂಟು ವರ್ಷದ ಹಿಂದೆ ಯಾರೋ ಬಂದು ಕಾಗದದಲ್ಲಿ ಅಚ್ಚು ತೆಗೆದುಕೊಂಡು ಹೋದರು, ಮತ್ತೆ ಸುದ್ದಿಯಿಲ್ಲ. ನಾವು ಹುಡುಗರು ಏನು ಮಾಡಬಹುದು?
— ಕಾಲೇಜು ವಿದ್ಯಾರ್ಥಿ, ಮದ್ದೂರು ತಾಲ್ಲೂಕು

ಉತ್ತರ: ಮೊದಲು ಜೆಸಿಬಿ ವಿಷಯ, ಅದು ಕಾಯುವುದಿಲ್ಲ. ಇವತ್ತೇ ಸಂಜೆ ಹೋಗಿ ಫೋಟೊ ತೆಗೆಯಿರಿ. ಸಂಜೆ ಅಂದಿದ್ದು ಸುಮ್ನೆ ಅಲ್ಲ. ನೆತ್ತಿ ಮೇಲಿನ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಓರೆ ಬಿಸಿಲು ಬಿದ್ದರೆ ಪ್ರತಿ ಗೀರಿನ ಒಳಗೂ ನೆರಳು ಕೂತು ಎದ್ದು ಕಾಣುತ್ತದೆ. ಅದಾಗದಿದ್ದರೆ ಕತ್ತಲಾದ ಮೇಲೆ ಒಬ್ಬರು ಪಕ್ಕದಿಂದ ಟಾರ್ಚ್ ಹಿಡಿಯಲಿ, ಇನ್ನೊಬ್ಬರು ಎದುರಿನಿಂದ ಫೋಟೊ ತೆಗೆಯಲಿ. ಪಕ್ಕದಲ್ಲಿ ಶಾಲೆಯ ಸ್ಕೇಲ್ ಒಂದನ್ನು ಇಡಿ, ಅಳತೆ ಗೊತ್ತಾಗುತ್ತದೆ. ಕಲ್ಲು ಈಗ ಯಾವ ದಿಕ್ಕಿಗೆ ಮುಖ ಮಾಡಿದೆ, ಎಡಬಲಕ್ಕೆ ಏನಿದೆ ಅನ್ನುವುದನ್ನೂ ಬರೆದಿಡಿ. ಕಲ್ಲಿನ ಜಾಗವೂ ಅದರ ಕತೆಯ ಒಂದು ಭಾಗ.

ಆಮೇಲೆ ಒಂದು ಅರ್ಜಿ. ಗ್ರಾಮ ಪಂಚಾಯಿತಿಗೆ ಒಂದು, ತಹಸೀಲ್ದಾರರಿಗೆ ಒಂದು, ಪುರಾತತ್ವ ಇಲಾಖೆಗೆ ಒಂದು. ರಾಜ್ಯದ ಪುರಾತತ್ವ ಇಲಾಖೆಯ ಮುಖ್ಯ ಕಚೇರಿ ಇರುವುದು ನಮ್ಮ ಮೈಸೂರಿನಲ್ಲೇ, ಬೆಂಗಳೂರಿಗೆ ಅಲೆಯಬೇಕಿಲ್ಲ. ಪ್ರತಿ ಕಡೆಯೂ ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಹೀಗೆ ಬರೆಸಿದ ಕಲ್ಲನ್ನು ಗುತ್ತಿಗೆದಾರ ಮೋರಿಗೆ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ಕಲ್ಲನ್ನು ಸರಿಸಲೇಬೇಕು ಅಂತಾದರೆ ಇಲಾಖೆಯವರು ಇರುವಾಗ ಸರಿಸಿ. ವೀರಗಲ್ಲಿನ ಬುಡ ಬಹಳ ಸಲ ಮಣ್ಣಲ್ಲಿ ಹೂತಿರುತ್ತದೆ, ಎತ್ತಿದಾಗ ಯಾರೂ ನೋಡದ ಎರಡು ಸಾಲು ಕೆಳಗಿನಿಂದ ಹೊರಗೆ ಬರಬಹುದು. ಮತ್ತೆ ನಿಲ್ಲಿಸುವಾಗ ಅದೇ ಸಾಲುಗಳನ್ನು ಕಾಂಕ್ರೀಟಿನಲ್ಲಿ ಮುಚ್ಚಬೇಡಿ. ಇದನ್ನು ಹೇಳಬೇಕಾ ಅನ್ನಿಸುತ್ತದೆ, ಆದರೆ ಊರೂರಲ್ಲಿ ಆಗಿರುವುದು ಇದೇ. ಭಕ್ತಿ ಜಾಸ್ತಿಯಾಗಿ ಆಯಿಲ್ ಪೇಂಟ್ ಬಳಿಯುವುದು, ಚೊಕ್ಕ ಮಾಡುತ್ತೇವೆ ಅಂತ ಆಸಿಡ್ ಸುರಿಯುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಸಿಮೆಂಟಿನ ಗೂಡು ಕಟ್ಟುವುದು, ಇವು ನಾಲ್ಕೂ ಬೇಡ. ನೀರು, ಮೆತ್ತನೆ ನಾರು, ಅಷ್ಟು ಸಾಕು.

ಅಜ್ಜಿಯರ ಜೊತೆ ಮಾತ್ರ ಜಗಳಕ್ಕೆ ಹೋಗಬೇಡಿ. ಆ ಕಲ್ಲು ಇನ್ನೂ ನಿಂತಿರುವುದೇ ಅವರಿಂದ. ಪೂಜೆ ನಿಂತ ಕಲ್ಲು ಒಗೆಯುವ ಕಲ್ಲಾಯಿತು, ಕೊಟ್ಟಿಗೆ ಕಂಬವಾಯಿತು, ಚರಂಡಿ ಹಾಸಾಯಿತು. ಎಣ್ಣೆಯನ್ನು ಅಕ್ಷರದ ಮೇಲೆ ಬಿಡದೆ ಪಾದದ ಹತ್ತಿರ ಬಿಡಿ, ದೀಪವನ್ನು ಒಂದು ಮಾರು ಈಚೆ ಇಡಿ ಅಂತ ಕೇಳಿಕೊಂಡರೆ ಯಾವ ಅಜ್ಜಿಯೂ ಇಲ್ಲ ಅನ್ನುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ದೇವಕನ್ಯೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ಮೇಲುಗಡೆ ಸೂರ್ಯ ಚಂದ್ರ. ಸಾಮಾನ್ಯವಾಗಿ ಹೀಗಿರುತ್ತದೆ. ಇಷ್ಟನ್ನು ಅವರಿಗೆ ಬೆರಳಿಟ್ಟು ತೋರಿಸಿ. ಊರ ದನ ಹಿಡಿಯಲು ಬಂದವರ ಜೊತೆ ಹೊಡೆದಾಡಿ ಸತ್ತವನಿಗೆ ತಾವು ಇಷ್ಟು ವರ್ಷ ದೀಪ ಹಚ್ಚಿದ್ದು ಅಂತ ಗೊತ್ತಾದರೆ ಅವರಿಗೆ ಭಕ್ತಿ ಕಮ್ಮಿಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ.

ಇನ್ನು ಅಚ್ಚು ತೆಗೆದುಕೊಂಡು ಹೋದವರ ವಿಷಯ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಲ್ಲಿ ಬಡಿದು, ಮೇಲೆ ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಬರುತ್ತದೆ. ಅದೇ ಪಡಿಯಚ್ಚು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗವೂ ಮೈಸೂರಿನಲ್ಲಿದೆ, ಅಲ್ಲಿ ಇಂಥ ಹತ್ತಾರು ಸಾವಿರ ಕಾಗದಗಳಿವೆ. ಅಷ್ಟು ಊರುಗಳ ಮಾತು ಕಪಾಟಿನಲ್ಲಿ ಮಡಚಿಕೊಂಡು ಕೂತಿದೆ. ಊರಿಗೆ ಗೊತ್ತಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆ.ಆರ್. ಪೇಟೆ ಕಡೆಯ ಒಂದು ಊರಲ್ಲಿ ಹುಡುಗನಾಗಿದ್ದಾಗ ಹೀಗೇ ಅಚ್ಚು ತೆಗೆದಿದ್ದೆ. ಬಿಂದಿಗೆ ಬಿಂದಿಗೆ ನೀರು ತಂದುಕೊಟ್ಟ ಯಜಮಾನರೊಬ್ಬರು "ಏನ್ ಬರ್ದವ್ರೆ ಸ್ವಾಮಿ ಇದ್ರಲ್ಲಿ?" ಅಂತ ಕೇಳಿದರು. ಓದಿ ಕಾಗದ ಬರೆಯುತ್ತೇನೆ ಅಂದೆ. ಓದಿದೆ, ಒಂದು ಲೇಖನ ಬರೆದೆ, ಹೊಗಳಿಸಿಕೊಂಡೆ. ಕಾಗದ ಬರೆಯಲಿಲ್ಲ. ಹನ್ನೊಂದು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಕಲ್ಲು ನಲ್ಲಿಕಟ್ಟೆಯ ಮೆಟ್ಟಿಲಾಗಿತ್ತು, ಅಕ್ಷರ ಮೇಲುಮುಖವಾಗಿ, ಅರ್ಧ ಸವೆದು. ಅದೇ ಯಜಮಾನರು ಅಲ್ಲೇ ಕೂತಿದ್ದರು. ನಾನು ಸಿಟ್ಟಿನಿಂದ ಏನೋ ಅಂದೆ. ಅವರು ಎಲೆ ಅಡಿಕೆ ಉಗಿದು ಹೇಳಿದ್ದು ಇಷ್ಟೇ: "ನೀವ್ ಹೇಳಿದ್ರೆ ತಾನೆ ನಮ್ಗೆ ಗೊತ್ತಾಗಾದು?"

ಹಾಗಾಗಿ ನಿಮ್ಮೂರಿಗೆ ಬಂದವರ ಪರವಾಗಿ ನಾನು ವಾದ ಮಾಡಲಾರೆ. ಅವರನ್ನು ಹುಡುಕಿ ಕೇಳಿ. ಅದು ನಿಮ್ಮ ಹಕ್ಕು. ಬೆಂಗಳೂರಿನ ಹೆಬ್ಬಾಳದಲ್ಲಿ ಏನಾಯಿತು ನೋಡಿ, ಸುಮಾರು 750ರ ಕಾಲದ ಕಿಟ್ಟಯ್ಯ ಅನ್ನುವವನ ಶಾಸನ 2018ರಲ್ಲಿ ಸಿಕ್ಕಿತು, ಅದನ್ನು ಓದಿ ಹೇಳಿದ್ದೇ ಆಸಕ್ತರೂ ಸ್ಥಳೀಯರೂ ಸೇರಿ ಅದಕ್ಕೊಂದು ಮಂಟಪ ಕಟ್ಟಿದರು. ಆ ಊರಿನವರು ನಮ್ಮವರಿಗಿಂತ ಒಳ್ಳೆಯವರು ಅಂತಲ್ಲ. ಅವರಿಗೆ ಯಾರೋ ಹೇಳಿದರು, ಅಷ್ಟೇ.

ಪ್ರಶ್ನೆ: ವೀರಗಲ್ಲಿನ ಕೆಳಗೆ, ಬಸವನ ಹೊಟ್ಟೆಯಲ್ಲಿ ನಿಧಿ ಇರುತ್ತದಂತೆ, ನಿಜವೇ?
— ಓದುಗರು, ನಂಜನಗೂಡು

ಉತ್ತರ: ಇಲ್ಲ. ಅಮಾವಾಸ್ಯೆಯಲ್ಲೂ ಇಲ್ಲ. ಬಸವ ಒಂದೇ ಕಲ್ಲಿನಲ್ಲಿ ಕಡೆದದ್ದು ಸ್ವಾಮಿ, ಅದಕ್ಕೆ ಹೊಟ್ಟೆಯೇ ಇಲ್ಲ, ಒಳಗೂ ಕಲ್ಲೇ. ಈ ಮಾತನ್ನು ನಂಬಿ ನಿಧಿಗಳ್ಳರು ಒಡೆದಿರುವ ಬಸವ, ಕಿತ್ತಿರುವ ಲಿಂಗ ಎಷ್ಟು ಅಂತ ಲೆಕ್ಕ ಇಟ್ಟವರಿಲ್ಲ. ರಾತ್ರಿ ಹೊತ್ತು ಹಾಳು ಗುಡಿ ಕಡೆ ಗೊತ್ತಿಲ್ಲದ ಗಾಡಿ ಬಂದರೆ ಪೊಲೀಸರಿಗೆ ಫೋನ್ ಮಾಡಿ. ಊರಿನ ಕಣ್ಣಿಗಿಂತ ಒಳ್ಳೆಯ ಕಾವಲು ಯಾವ ಇಲಾಖೆಯ ಹತ್ತಿರವೂ ಇಲ್ಲ.

ಪ್ರಶ್ನೆ: ನಮ್ಮ ಹೊಲ ಉಳುವಾಗ ಕಪ್ಪು ಕೆಂಪು ಬೋಕಿ ಚೂರು, ನುಣ್ಣಗೆ ಉಜ್ಜಿದ ಕೊಡಲಿಯಂಥ ಕಲ್ಲು ಸಿಗುತ್ತವೆ. ಹೇಳಿದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ ಅಂತ ತಮ್ಮ ಹೇಳುತ್ತಾನೆ. ಅದಕ್ಕೆ ಎಲ್ಲ ಗುಂಡಿಗೆ ಹಾಕಿ ಮುಚ್ಚುತ್ತಿದ್ದೇವೆ.
— ರೈತರು, ತಿ. ನರಸೀಪುರ ತಾಲ್ಲೂಕು

ಉತ್ತರ: ನೀವು ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಥ್ಯಾಂಕ್ಸ್. ಈ ಭಯದಿಂದ ಮುಚ್ಚಿಹೋದ ಚರಿತ್ರೆ ಸಣ್ಣದಲ್ಲ.

ಬೋಕಿ ಚೂರು ಸಿಕ್ಕಿದ ಮಾತ್ರಕ್ಕೆ ಯಾರೂ ಜಮೀನು ಕಿತ್ತುಕೊಳ್ಳುವುದಿಲ್ಲ. ನಮ್ಮ ಕಾವೇರಿ, ಕಪಿಲಾ ದಡದಲ್ಲಿ ಹಾಗೆ ಶುರುಮಾಡಿದರೆ ಅರ್ಧ ತಾಲ್ಲೂಕೇ ಹೋಗಬೇಕಾಗುತ್ತದೆ. ಒಂದು ಜಾಗವನ್ನು ಕೇಂದ್ರದ ಸಂರಕ್ಷಿತ ಸ್ಥಳ ಮಾಡಬೇಕಾದರೆ ಮೊದಲು ಅಧಿಸೂಚನೆ ಹೊರಡಿಸಿ ಎರಡು ತಿಂಗಳು ಆಕ್ಷೇಪಣೆಗೆ ಸಮಯ ಕೊಡಬೇಕು, ಅದು ಕಾನೂನು. ಆ ಎರಡು ತಿಂಗಳಲ್ಲಿ ನೀವು ಬರೆದು ಕೊಡಬಹುದು. ಹಾಗೆ ಘೋಷಣೆಯಾದ ಮೇಲೆ ತೊಂದರೆ ಇಲ್ಲವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಕೇಂದ್ರದ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರಿನಲ್ಲಿ ಅನುಮತಿ ಬೇಕು. 2010ರ ತಿದ್ದುಪಡಿಯಿಂದ ಇದು ಬಿಗಿಯಾಯಿತು. ಗುಡಿ ಪಕ್ಕದಲ್ಲೇ ಅಜ್ಜನ ಕಾಲದ ಮನೆ ಇರುವವರಿಗೆ ಮಗನಿಗೊಂದು ರೂಮು ಕಟ್ಟಲು ಆಗದ ಸಂಕಟ ನಿಜವಾದದ್ದೇ. ರಿಪೇರಿಗೆ ಅನುಮತಿ ಪಡೆಯಲು ಅವಕಾಶ ಇದೆ, ಆದರೆ ಆ ಅರ್ಜಿ ಹೇಗೆ ಹಾಕಬೇಕು ಅಂತ ಊರಿಗೆ ಬಂದು ಕನ್ನಡದಲ್ಲಿ ಕೂತು ಹೇಳಿದವರು ಎಷ್ಟು ಜನ? ಸ್ಮಾರಕದ ಮೇಲೆ ಊರವರಿಗೆ ಸಿಟ್ಟು ಬರುವುದು ಕಲ್ಲಿನಿಂದಲ್ಲ, ಈ ಮೌನದಿಂದ.

ನಿಮಗೆ ಸಿಕ್ಕಿರುವ ಕೊಡಲಿ ಕಲ್ಲಿನ ವಿಷಯಕ್ಕೆ ಬರೋಣ. ನರಸೀಪುರದ ಸಂಗಮದ ಹತ್ತಿರ 1959ರಿಂದ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಅಗೆದಾಗ ಸಿಕ್ಕಿದ್ದು ಇಂಥದ್ದೇ, ನವಶಿಲಾಯುಗದ, ಅಂದರೆ ಉಜ್ಜಿದ ಕಲ್ಲಿನ ಆಯುಧ ಬಳಸುತ್ತಿದ್ದ ಕಾಲದ ಜನ ಬಾಳಿದ ಜಾಗ. ಮೂರೂವರೆ ಸಾವಿರ ವರ್ಷ ಅಥವಾ ಅದಕ್ಕೂ ಹಿಂದಿನದು. ಬಯಲುಸೀಮೆಯ ಕೆಲವು ಕಡೆ ಇಂಥ ಕಲ್ಲುಗಳನ್ನು ಸಿಡಿಲಿನ ಜೊತೆ ಬಿದ್ದದ್ದು ಅಂತ ನಂಬಿ ಮರದಡಿಯ ದೇವರ ಹತ್ತಿರ ಪೇರಿಸಿಡುತ್ತಾರೆ. ನಿಮ್ಮ ಹೊಲವನ್ನು ಅಷ್ಟು ಹಿಂದೆಯೇ ಯಾರೋ ಬೇಸಾಯಕ್ಕೆ ಆರಿಸಿಕೊಂಡಿದ್ದಾರೆ, ಅಂದರೆ ನಿಮ್ಮ ಮಣ್ಣಿನ ಗುಣ ಅವರಿಗೂ ಗೊತ್ತಿತ್ತು.

ಇನ್ನು ಮೇಲೆ ಮುಚ್ಚಬೇಡಿ. ಹೊಲದ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಚೀಟಿ ಬರೆದು ಒಂದು ಚೀಲದಲ್ಲಿ ಹಾಕಿಡಿ. ಹುಡುಕಿಕೊಂಡು ಅಗೆಯಬೇಡಿ, ನೇಗಿಲಿಗೆ ತಾನಾಗಿ ಬಂದದ್ದು ಸಾಕು. ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ, ಅಲ್ಲಿಗೆ ಒಯ್ದು ತೋರಿಸಿ. ಚಿನ್ನ, ಬೆಳ್ಳಿ, ನಾಣ್ಯದ ಗಡಿಗೆ ಸಿಕ್ಕರೆ ಮಾತ್ರ ಬೇರೆ ದಾರಿ, ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ಬರೆದು ತಿಳಿಸಲೇಬೇಕು, ಮುಚ್ಚಿಟ್ಟರೆ ಕೇಸು.

ಇಂಗ್ಲೆಂಡ್, ವೇಲ್ಸ್‌ನಲ್ಲಿ 1997ರಿಂದ ಒಂದು ವ್ಯವಸ್ಥೆ ಇದೆ. ಜನಕ್ಕೆ ಹೊಲದಲ್ಲಿ ಸಿಕ್ಕ ಹಳೆಯ ವಸ್ತುವನ್ನು ನೋಡಿ, ಬರೆದುಕೊಂಡು, ಸಾಮಾನ್ಯವಾಗಿ ವಾಪಸ್ ಅವರ ಕೈಗೇ ಕೊಡಲಿಕ್ಕೆ ಅಂತಲೇ ಊರೂರಿಗೆ ಹೋಗುವ ಅಧಿಕಾರಿಗಳಿದ್ದಾರೆ. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ದಾಟಿವೆ. ನಮ್ಮ ಕಾನೂನು ಬೇರೆ, ಇಲ್ಲಿ ಹಾಗೇ ನಡೆಯುವುದಿಲ್ಲ. ಆದರೂ ತಾಲ್ಲೂಕಿಗೆ ಒಬ್ಬರು, ಸಂತೆ ದಿನ ಒಂದು ಮೇಜು ಹಾಕಿ ಕೂತು, ಏನಾದರೂ ಸಿಕ್ಕಿದೆಯಾ ತೋರಿಸಿ ಅಂತ ಕೇಳಿದರೆ ನಿಮ್ಮ ಚೀಲ ಗುಂಡಿಗೆ ಹೋಗುತ್ತಿರಲಿಲ್ಲ ಅಲ್ವಾ?

ಪ್ರಶ್ನೆ: ನಮ್ಮ ಜಿಲ್ಲೆಯ ಆತಕೂರಿನ ನಾಯಿ ಶಾಸನ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಊರಿಗೆ ವಾಪಸ್ ತರಬೇಕು ಅಂತ ಒಬ್ಬರು, ಅಲ್ಲೇ ಕ್ಷೇಮ ಅಂತ ಇನ್ನೊಬ್ಬರು. ನಿಮ್ಮ ಅಭಿಪ್ರಾಯ?
— ನಿವೃತ್ತ ನೌಕರರು, ಮಂಡ್ಯ

ಉತ್ತರ: ಗೊತ್ತಿಲ್ಲದವರಿಗಾಗಿ ಕತೆ ಮೊದಲು ಹೇಳುತ್ತೇನೆ. 949–50ರ ಶಾಸನ ಇದು. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ, ಅವನ ಜೊತೆ ಗಂಗರ ಬೂತುಗ ಇದ್ದ. ಬೂತುಗನ ಬಂಟ ಮಣಲೇರ ಚೆನ್ನಾಗಿ ಕಾದಾಡಿದ. ಮೆಚ್ಚಿ, ಏನು ಬೇಕು ಕೇಳು ಅಂದರೆ ಅವನು ಕೇಳಿದ್ದು ಒಡೆಯನ ನಾಯಿಯನ್ನು! ಕಾಳಿ ಅಂತ ಅದರ ಹೆಸರು. ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕೆ ಆತಕೂರಿನ ಗುಡಿ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಬೀಜ ಬಿತ್ತುವಷ್ಟು ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತಲೂ ಬರೆಸಿದರು. ನಾಯಿ, ಹಂದಿ ಕಾದಾಡುವುದು ಕಲ್ಲಿನ ಮೇಲೆ ಇವತ್ತಿಗೂ ಕಾಣುತ್ತದೆ.

ರಾಜರ ಯುದ್ಧದ ಚರಿತ್ರೆಗೆ ಈ ಕಲ್ಲು ದೊಡ್ಡ ಆಧಾರ. ಅದಕ್ಕೇ ಅದು ಬೆಂಗಳೂರಿಗೆ ಹೋಗಿ ಕೂತಿತು. ಊರಿಗೆ ಮುಖ್ಯವಾದದ್ದು ಬೇರೆ, ಕೆರೆ, ಗದ್ದೆ, ಗುಡಿ, ನಾಯಿ.

ನನ್ನ ಅಭಿಪ್ರಾಯ ಕೇಳಿದಿರಿ. ಕಲ್ಲು ಈಗ ವಾಪಸ್ ಬರಬೇಕು ಅಂತ ನಾನು ಹಟ ಮಾಡುವುದಿಲ್ಲ. ತಂದು ಎಲ್ಲಿ ಇಡುತ್ತೀರಿ, ಯಾರು ಕಾಯುತ್ತಾರೆ ಅನ್ನುವುದಕ್ಕೆ ಮೊದಲು ಉತ್ತರ ಬೇಕು. ಆದರೆ ಕಲ್ಲು ಹೋದ ಜಾಗದಲ್ಲಿ ಅದೇ ಅಳತೆಯ ಒಂದು ನಕಲು ನಿಲ್ಲಿಸಿ, ಪಕ್ಕದಲ್ಲಿ ಹೊಸಗನ್ನಡದಲ್ಲಿ ಹತ್ತು ಸಾಲು ಬರೆಸುವುದು ಯಾವ ಸರ್ಕಾರಕ್ಕೂ ಭಾರವಲ್ಲ. ಈಗ ಮೂರು ಆಯಾಮದ ಸ್ಕ್ಯಾನ್ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಅಲ್ಲಿನ ಶಾಸನಗಳನ್ನು ಹಾಗೆ ಸ್ಕ್ಯಾನ್ ಮಾಡಿ ಇಟ್ಟಿದೆ, ಸವೆದ ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಓದಬಹುದು. ಸ್ಕ್ಯಾನ್ ಆದ ಮೇಲೆ ನಕಲು ಮಾಡುವುದು ಕಷ್ಟವೇನಲ್ಲ.

ಹೊಸದಾಗಿ ಅಗೆಯುವ ಕಡೆಗೆ ಮಾತ್ರ ನನ್ನ ಮಾತು ಖಡಕ್ಕು, ಸಿಕ್ಕಿದ್ದು ಅಲ್ಲೇ ಉಳಿಯಲಿ. ತಮಿಳುನಾಡಿನ ಕೀಳಡಿಯಲ್ಲಿ ಅಗೆತದ ಜಾಗದ ಹತ್ತಿರವೇ 2023ರಲ್ಲಿ ಮ್ಯೂಸಿಯಂ ತೆರೆದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ತೀರದಲ್ಲಿ ಒಜೆಟ್ ಅಂತ ಒಂದು ಹಳ್ಳಿ, ಅಲ್ಲಿನ ಮೂಲನಿವಾಸಿಗಳಾದ ಮಕಾ ಜನರದು. ಹಿಂದೆ ಯಾವಾಗಲೋ ಗುಡ್ಡ ಕುಸಿದು ಮನೆಗಳೆಲ್ಲ ಕೆಸರಲ್ಲಿ ಮುಚ್ಚಿಹೋದವು ಅಂತ ಅವರ ಹಿರಿಯರು ಹೇಳುತ್ತಲೇ ಇದ್ದರು. 1970ರಲ್ಲಿ ಬಿರುಗಾಳಿ ಮಳೆಗೆ ದಡ ಕೊಚ್ಚಿದಾಗ ಒಳಗಿನ ಮರದ ಸಾಮಾನು ಹೊರಗೆ ಕಂಡಿತು. ಆ ಜನರೇ ಪುರಾತತ್ವದವರನ್ನು ಕರೆಸಿದರು, ಅಗೆತ ಹನ್ನೊಂದು ವರ್ಷ ನಡೆಯಿತು, ಸಿಕ್ಕಿದ್ದು ಸುಮಾರು 55,000 ವಸ್ತುಗಳು. ಅವು ದೂರದ ಪಟ್ಟಣಕ್ಕೆ ಹೋಗಲಿಲ್ಲ, 1979ರಲ್ಲಿ ಅವರದೇ ಊರಲ್ಲಿ ಅವರದೇ ಮ್ಯೂಸಿಯಂ ಆಯಿತು. ಅಜ್ಜ ಹೇಳುತ್ತಿದ್ದ ಕತೆ ನಿಜ ಅಂತ ಮೊಮ್ಮಕ್ಕಳಿಗೆ ಕಣ್ಣೆದುರೇ ಕಾಣುತ್ತದೆ. ನಮ್ಮಲ್ಲಿ ಅಜ್ಜನ ಕತೆಯನ್ನು ಬರೆದುಕೊಳ್ಳದೆಯೇ ಗುಂಡಿ ತೆಗೆಯಲು ಶುರುಮಾಡುತ್ತೇವೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಕೈಯಲ್ಲಿ ಸಣ್ಣದಾಗಿ ಒಂದು ಅಗೆತ ಮಾಡಿಸಬಹುದೇ?
— ಶಿಕ್ಷಕಿ, ಪಾಂಡವಪುರ ತಾಲ್ಲೂಕು

ಉತ್ತರ: ದಯವಿಟ್ಟು ಬೇಡ ಮೇಡಂ. ಅಗೆತ ಅನ್ನುವುದು ಒಂದೇ ಸಲ ಓದಬಹುದಾದ ಪುಸ್ತಕ, ಓದುತ್ತಾ ಓದುತ್ತಾ ಹಾಳೆ ಹರಿದುಹೋಗುತ್ತದೆ. ಅದಕ್ಕೇ ತಿಳಿದವರೇ ಹೆದರಿ ಹೆದರಿ ಅಗೆಯುತ್ತಾರೆ.

ಅಗೆಯದೆ ಮಾಡುವ ಕೆಲಸ ಬೇಕಾದಷ್ಟಿದೆ. ನನಗೆ ಬಹಳ ಇಷ್ಟವಾದದ್ದು ಹೊಲಗಳ ಹೆಸರು. ಮಕ್ಕಳು ಮನೆಗೆ ಹೋಗಿ ತಾತ ಅಜ್ಜಿಯರ ಹತ್ತಿರ ತಮ್ಮ ಹೊಲ, ಗದ್ದೆ, ದಿಣ್ಣೆ, ಹಳ್ಳಕ್ಕೆ ಏನೇನು ಹೆಸರು ಅಂತ ಕೇಳಿ ಬರೆದು ತರಲಿ. ಹಾಳೂರು ದಿಣ್ಣೆ, ಬೂದಿಗುಡ್ಡೆ, ಬಸದಿ ಹೊಲ, ಕುಂಬಾರ ಗುಂಡಿ, ಕೋಟೆ ಹಿತ್ಲು, ಇಂಥವು ಬರುತ್ತವೆ. ಆ ಹೆಸರು ಸುಮ್ನೆ ಬಂದಿರುವುದಿಲ್ಲ. ಪಂಚಾಯಿತಿಯಿಂದ ಗ್ರಾಮ ನಕ್ಷೆ ತಂದು ಗೋಡೆಗೆ ಅಂಟಿಸಿ, ಒಂದೊಂದೇ ಹೆಸರು ತುಂಬಿಸಿ. ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಇರುತ್ತದೆ, ಅಂದರೆ ಜನ ಬಿಟ್ಟುಹೋದ ಊರು. ನಿಮ್ಮ ಸುತ್ತ ಅಂಥದ್ದು ಯಾವುದಿದೆ, ಜನ ಯಾಕೆ ಬಿಟ್ಟರು, ಪ್ಲೇಗೋ ನೀರೋ ಸಾಲವೋ, ಅಲ್ಲಿನ ದೇವರು ಈಗ ಯಾವ ಊರಲ್ಲಿದೆ ಅಂತ ಮಕ್ಕಳು ಹುಡುಕಲಿ. ನಿಮ್ಮ ಕಡೆಯೇ ಹಳೇ ಕನ್ನಂಬಾಡಿ ಕೆಆರ್‌ಎಸ್ ನೀರಿನಲ್ಲಿ ಮುಳುಗಿತು, ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಗುಡಿಯ ಫೋಟೊ ಎಲ್ಲರ ಮೊಬೈಲಿನಲ್ಲೂ ಇದೆ. ಅದರ ಸುತ್ತ ಇದ್ದ ಬೀದಿಯ ಹೆಸರು, ಎದ್ದು ಹೋದ ಮನೆಗಳ ನೆನಪು ಯಾರ ಹತ್ತಿರ ಇದೆ? ಅದನ್ನು ನಿಮ್ಮ ಮಕ್ಕಳು ಬರೆದರೆ ಅದೂ ಪುರಾತತ್ವವೇ.

ಬರೆದದ್ದನ್ನು ಶಾಲೆಯ ಬೀರುವಿನಲ್ಲಿ ಇಡಬೇಡಿ. ರಾಜ್ಯೋತ್ಸವದ ದಿನ ಊರವರನ್ನು ಕೂರಿಸಿ ಮಕ್ಕಳ ಬಾಯಲ್ಲೇ ಓದಿಸಿ. ತಪ್ಪಿದ್ದರೆ ಹಿಂದಿನ ಸಾಲಿನಿಂದ ಯಾರಾದರೂ ಅಜ್ಜ ಕೂಗಿ ತಿದ್ದುತ್ತಾರೆ.

ಪ್ರಶ್ನೆ: ಹಳೇ ಗುಡಿ ನೋಡಲು ಬರುವವರಿಂದ ಹಳ್ಳಿ ಉದ್ಧಾರ ಆಗುತ್ತದೆ ಅನ್ನುತ್ತಾರೆ. ನಮಗೆ ಕಂಡಿದ್ದು ಪ್ಲಾಸ್ಟಿಕ್ ಬಾಟಲಿ ಮಾತ್ರ.
— ಸ್ವಸಹಾಯ ಸಂಘದ ಸದಸ್ಯೆ, ಸೋಮನಾಥಪುರದ ಹತ್ತಿರದ ಒಂದು ಊರು

ಉತ್ತರ: 1258ರ ಕೇಶವ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಬರುವವರು ಎಲ್ಲಿಂದ ಬರುತ್ತಾರೆ ನೋಡಿ. ಮೈಸೂರಿನಲ್ಲಿ ತಿಂಡಿ ತಿಂದು ಕಾರು ಹತ್ತುತ್ತಾರೆ, ಒಂದೂವರೆ ಗಂಟೆ ನೋಡುತ್ತಾರೆ, ಊಟಕ್ಕೆ ವಾಪಸ್ ಮೈಸೂರು. ನಡುವೆ ನಿಮ್ಮ ಊರು ಬರುವುದೇ ಇಲ್ಲ. ಎಳನೀರಿನವರಿಗೆ ನಾಲ್ಕು ಕಾಸು, ಅಷ್ಟೇ. ಅವರನ್ನು ಇನ್ನೆರಡು ಗಂಟೆ ನಿಲ್ಲಿಸುವಂಥದ್ದು ನಿಮ್ಮ ಕೈಯಲ್ಲಿರಬೇಕು, ರಾಗಿಮುದ್ದೆ ಊಟವೋ, ಕಾವೇರಿ ನಾಲೆ ಮೇಲೊಂದು ನಡಿಗೆಯೋ. ಸಂಘದಿಂದ ಶುರುಮಾಡಿದರೆ ಪಂಚಾಯಿತಿಯವರು ತಾವಾಗಿ ಹಿಂದೆ ಬರುತ್ತಾರೆ. ಗುಡಿ ತೋರಿಸುವ ಕೆಲಸವನ್ನು ಊರಿನ ಇಬ್ಬರು ಓದಿದ ಹೆಣ್ಣುಮಕ್ಕಳಿಗೆ ಕಲಿಸಿ ಅಂತ ಇಲಾಖೆಯನ್ನು ಕೇಳಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಎಲ್ಲಿ ಅಗೆತ ನಡೆದರೂ ಮಣ್ಣು ಹೊರುವವರು, ಜರಡಿ ಹಿಡಿಯುವವರು ಊರಿನ ಹೆಣ್ಣುಮಕ್ಕಳೇ. ಜರಡಿಯಲ್ಲಿ ಸಾಸಿವೆ ಗಾತ್ರದ ಮಣಿ ಕಂಡುಹಿಡಿಯುವುದರಲ್ಲಿ ಅವರನ್ನು ಮೀರಿಸಿದ ಪಂಡಿತರನ್ನು ನಾನು ನೋಡಿಲ್ಲ. ಅಕ್ಕಿ ಆರಿಸಿದ ಕಣ್ಣು ಅದು. ದಿನಗೂಲಿ ಕೊಟ್ಟು ಕಳಿಸುತ್ತೇವೆ, ವರದಿಯಲ್ಲಿ ಅವರ ಹೆಸರು ಬರುವುದು ಅಪರೂಪ. ನಿಮ್ಮ ಕಡೆ ಕೆಲಸ ಬಂದರೆ ಕೂಲಿ ಮಾತಾಡುವ ದಿನವೇ ಹೇಳಿ: ಪುಸ್ತಕದಲ್ಲಿ ನಮ್ಮ ಹೆಸರು ಬರಬೇಕು, ಕೊನೇ ದಿನ ಊರವರಿಗೆಲ್ಲ ಗುಂಡಿ ತೋರಿಸಿ ವಿವರಿಸಬೇಕು.

ಪ್ರಶ್ನೆ: ಇದೆಲ್ಲ ಸರಿ ಸಾರ್, ಬೇಸಾಯಗಾರನಿಗೆ ಹಳೇ ಕಲ್ಲಿನಿಂದ ಏನು ಪ್ರಯೋಜನ?
— ಓದುಗರು, ನಾಗಮಂಗಲ

ಉತ್ತರ: ನಿಮ್ಮದು ಕೆರೆ ತಾಲ್ಲೂಕು, ಹಾಗಾಗಿ ಕೆರೆಯನ್ನೇ ಹಿಡಿಯೋಣ. ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ ಅನ್ನುವ ಮಾತು ಬರುತ್ತದೆ, ಕೆರೆಯ ರಿಪೇರಿ, ಹೂಳೆತ್ತುವುದಕ್ಕೆ ಅಂತ ಮೀಸಲಿಟ್ಟ ಭೂಮಿ ಅಥವಾ ಆದಾಯ. ಕೆರೆ ಕಟ್ಟಿಸಿದವನ ಹೆಸರು, ತೂಬಿನ ಕೆಳಗೆ ಯಾರ ಗದ್ದೆ, ಕಟ್ಟೆ ನೋಡಿಕೊಳ್ಳುವವನಿಗೆ ಎಷ್ಟು ಮಾನ್ಯ (ಕೆಲಸಕ್ಕೆ ಬಿಟ್ಟ ಭೂಮಿ), ಇವೆಲ್ಲ ಕೆಲವು ಕಲ್ಲುಗಳಲ್ಲಿ ಸ್ಪಷ್ಟವಾಗಿವೆ. ಕೆರೆ ಕಟ್ಟುವುದಕ್ಕೆ ಎಷ್ಟು ಗಮನವೋ ಕೆರೆ ನೋಡಿಕೊಳ್ಳುವುದಕ್ಕೂ ಅಷ್ಟೇ ಗಮನ. ನಮ್ಮ ಕಾಲದಲ್ಲಿ ಕೆರೆಗೆ ಒಂದು ಸಲ ಟೆಂಡರ್ ಕರೆದು ಹೂಳೆತ್ತಿ ಬೋರ್ಡ್ ಹಾಕುತ್ತೇವೆ, ಮುಂದಿನ ವರ್ಷ ತೂಬಿಗೆ ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ಗದ್ದೆಗೆ ನೀರು ಬಿಡುತ್ತಿದ್ದ ನೀರಗಂಟಿ ಹೋದ, ಅವನ ಮಾನ್ಯವೂ ಹೋಯಿತು. ಕೆರೆ ಒತ್ತುವರಿ ಜಗಳದಲ್ಲಿ ಹಳೇ ತೂಬಿನ ಕಂಬ, ಕೋಡಿ, ಗಡಿಯ ಲಿಂಗಮುದ್ರೆ ಕಲ್ಲು ಎಲ್ಲಿದ್ದವು ಅನ್ನುವುದು ಊರಿಗೆ ಗೊತ್ತಿದ್ದರೆ ಮಾತಿಗೆ ಬಲ ಬರುತ್ತದೆ.

ಹಳೆಯದೆಲ್ಲ ಈಗಲೂ ಕೆಲಸಕ್ಕೆ ಬರುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಪೆರು ದೇಶದಲ್ಲಿ ಟಿಟಿಕಾಕಾ ಸರೋವರದ ದಡದಲ್ಲಿ ಸಾವಿರಾರು ವರ್ಷ ಹಿಂದಿನ ಏರು ಮಡಿಗಳಿದ್ದವು, ಮಡಿ ಎತ್ತರ, ನಡುವೆ ನೀರಿನ ಕಾಲುವೆ. 1980ರ ದಶಕದಲ್ಲಿ ಪುರಾತತ್ವದವರು ಅಲ್ಲಿನ ರೈತರ ಜೊತೆ ಸೇರಿ ಕೆಲವನ್ನು ಮತ್ತೆ ಎಬ್ಬಿಸಿದರು. ಆಲೂಗೆಡ್ಡೆ ಚೆನ್ನಾಗಿ ಬಂತು, ದೂರದೂರದಿಂದ ಸಂಸ್ಥೆಗಳು ದುಡ್ಡು ತಂದವು. ದುಡ್ಡು ನಿಂತ ಮೇಲೆ ಬಹಳಷ್ಟು ಮಡಿಗಳು ಮತ್ತೆ ಬೀಳುಬಿದ್ದವು, ಯಾಕೆಂದರೆ ಅಷ್ಟು ಮಣ್ಣು ಎತ್ತಲು ಈಗಿನ ಮನೆಗಳಲ್ಲಿ ಆಳಿಲ್ಲ. ಹಳೇ ಜ್ಞಾನ ಸುಳ್ಳಾಗಿರಲಿಲ್ಲ. ಈಗ ಯಾರ ಹತ್ತಿರ ಎಷ್ಟು ಸಮಯ ಇದೆ, ಎಷ್ಟು ಕೈ ಇದೆ ಅಂತ ರೈತರನ್ನು ಸರಿಯಾಗಿ ಕೇಳಿರಲಿಲ್ಲ. ಹಾಗಾಗಿ ನಿಮ್ಮ ಕೆರೆಗೆ ಯಾರಾದರೂ ಹಳೇ ಪದ್ಧತಿ ಅಂತ ಫೈಲ್ ಹಿಡಿದು ಬಂದರೆ, ಹೂಳು ಹೊರುವವರು ಯಾರು, ಕೂಲಿ ಯಾರದು, ಐದು ವರ್ಷ ಬಿಟ್ಟು ಯಾರದು ಅಂತ ಮೊದಲೇ ಕೇಳಿ.

ಪ್ರಶ್ನೆ: ನಮ್ಮೂರ ಶಾಸನವನ್ನು ಯಾರಾದರೂ ಓದಿದ್ದಾರಾ ಅಂತ ಹೇಗೆ ಹುಡುಕುವುದು?
— ಮೂರು ಜನ ಇದನ್ನೇ ಕೇಳಿದ್ದಾರೆ

ಉತ್ತರ: ಎಪಿಗ್ರಾಫಿಯಾ ಕರ್ನಾಟಿಕಾ ಅಂತ ನಮ್ಮ ಕಡೆಯ ಶಾಸನಗಳ ಸಂಪುಟಗಳಿವೆ, ಹಿಂದೆ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಬಿ.ಎಲ್. ರೈಸ್ ಶುರುಮಾಡಿದ್ದು. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಅದನ್ನು ಪರಿಷ್ಕರಿಸಿ ಮತ್ತೆ ಹೊರತಂದಿದೆ, ಮಾನಸಗಂಗೋತ್ರಿಯಲ್ಲಿ ಕೇಳಿ. ಹಳೆಯ ಮುದ್ರಣ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯದರಲ್ಲಿ ಹುಡುಕುವಾಗ ಒಂದು ತೊಡಕು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ರೈಸ್ ಕಾಲದಲ್ಲಿ ಇದೆಲ್ಲ ಮೈಸೂರು ಜಿಲ್ಲೆಯೇ. ಹಾಗಾಗಿ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣ, ನರಸೀಪುರ, ನಂಜನಗೂಡು ಕಡೆಯವರು 1894ರ ಮೂರನೇ ಸಂಪುಟ ನೋಡಿ, ನಾಗಮಂಗಲ, ಕೆ.ಆರ್. ಪೇಟೆಯವರು 1898ರ ನಾಲ್ಕನೆಯದು. ತಾಲ್ಲೂಕಿನ ಹೆಸರಿನ ಮುಂದೆ ಒಂದು ನಂಬರ್ ಇರುತ್ತದೆ, ಅದೇ ನಿಮ್ಮ ಕಲ್ಲಿನ ಗುರುತು. ಸಿಕ್ಕರೆ ಆ ನಂಬರ್ ಬರೆದುಕೊಂಡು ನನಗೆ ಕಳಿಸಿ, ಹಳಗನ್ನಡ ಅರ್ಥವಾಗದಿದ್ದರೆ ಓದಿ ಹೇಳುತ್ತೇನೆ. ಈ ಸಲ ಕಾಗದ ಬರೆಯುತ್ತೇನೆ.